ರೋಮ್ ಆಳಿದ ಮೋಜಣಿ ಕಾಕಾ

ಮೋಜಣಿ ಕಾಕಾ ತೀರಿಕೊಂಡ ಮೂರನೇ ದಿನ ಅವರ ಮನಿ ಮುಂದ ಕುಂತಿದ್ದೆ. ಓಣಿಯ ಹಿರಿಯರೊಬ್ಬರು ಮೆಲ್ಲಕ ಕೇಳಿದ್ರು: "ಪಾಪ, ರಿಟೈರ್ ಆದಮ್ಯಾಲ ಏನ್ ಮಾಡಕೊಂಡಿದ್ರೋ ತಮ್ಮಾ? ದಿನಾ ನಿನ್ನ ಅಂಗಡಿಗೆ ಬರತಿದ್ರಲ್ಲ?" ನಾನು "ಹಿಂಗ ಸುಮ್ನ ಕಂಪ್ಯೂಟರ್ ಕಲೀತಿದ್ರು ಬಿಡ್ರಿ" ಅಂದೆ. ಖರೆ ಹೇಳೋದಾದ್ರ ಅವರು ರೋಮ್ ಸಾಮ್ರಾಜ್ಯ ಆಳತಿದ್ರು. ಆದ್ರ ಸತ್ತವರ ಮನಿ ಮುಂದ ಕುಂತು ಹಂಗ ಅಂದ್ರ ಮಂದಿ ನನ್ನ ತಲಿ ಬಗ್ಗೆ ಮಾತಾಡಾಕ ಶುರು ಮಾಡತಾರ. ಅಲ್ಲಿ ನುಂಗಿದ ಮಾತನ್ನ ಇಲ್ಲಿ ಬರೀಲಿಕತ್ತೀನಿ. ಹೆಸರು ಮಾತ್ರ ಹೇಳಂಗಿಲ್ಲ. ಕೈಯಾಗ ದಾಖಲಿ ಇಲ್ಲದ ಯಾರ ಹೆಸರೂ ಬರೀಬಾರದು ಅಂತ ಅವರ ನನಗ ಹತ್ತು ಸಲ ಹೇಳಿದ್ರು.

ನನ್ನದು ಬನಹಟ್ಟಿ ಬಜಾರದಾಗ ನಾಕು ಕಂಪ್ಯೂಟರಿನ ಅಂಗಡಿ ಇತ್ತು. ಬಾಗಲಕೋಟಿ ಬ್ಯಾರೆ ಜಿಲ್ಲಾ ಆಗಿ ಹತ್ತು-ಹನ್ನೊಂದು ವರ್ಷ ಆಗಿದ್ದ ಕಾಲ. ಅರ್ಜಿ ಟೈಪ್ ಮಾಡೋದು, ಪರೀಕ್ಷಾದ ರಿಸಲ್ಟ್ ತಗದು ಕೊಡೋದು, ಉಳಿದ ಹೊತ್ತಿನಾಗ ಆಟ ಆಡೋದು. ಇದರಾಗ ಮೂರನೇದ್ದ ನನ್ನ ಕಸಬು, ಮೊದಲಿನವೆರಡು ಹವ್ಯಾಸ ಅಂತ ನಮ್ಮವ್ವ ಮಂದಿ ಮುಂದ ಹೇಳತಿದ್ಲು. ಒಂದಿನ ಮುಂಜಾನಿ ಎತ್ತರದ, ಸಣಕಲ ಮನಿಷ್ಯಾ ಒಬ್ಬರು ಬಾಗಲದಾಗ ನಿಂತ್ರು. ಹಣಿ ಮ್ಯಾಲ ಬೀರಪ್ಪನ ಭಂಡಾರದ ಅರಿಷಿಣ, ಕಿಸೆದಾಗ ಎರಡು ಪೆನ್ನು. ಒಳಗ ಬರೋಕ್ಕಿಂತ ಮೊದಲ ಕೇಳಿದ್ರು:

"ತಮ್ಮಾ, ಈ ಅಂಗಡಿ ಕರಾರಪತ್ರದಾಗ ಎಷ್ಟು ಉದ್ದ ಬರದಾರ?"

"ಹನ್ನೆರಡು ಫೂಟ್ರಿ."

"ಹನ್ನೊಂದ ಐತಿ."

ಟೇಪು ತಂದು ಅಳದೆ. ಹನ್ನೊಂದ! ಮಾಲಕನ ಜೋಡಿ ಎಂಟು ದಿನ ನಾ ಜಗಳಾಡಿದ್ದು ಬ್ಯಾರೆ ಮಾತು.

ಮೋಜಣಿ ಅಂದ್ರ ನಮ್ಮ ಕಡೆ ಹೊಲಾ-ಮನಿ ಅಳಿಯೋದು. ಕಾಕಾ ಜಲ್ಮ ಪೂರ್ತಿ ಅದನ್ನ ಮಾಡಿದವರು. ಆಣೆಕಟ್ಟಿನ ನೀರು ಏರತೈತಿ ಅಂತ ನದಿ ದಂಡಿ ಹಳ್ಳಿಗಳನ್ನ ಎಬ್ಬಿಸೋ ಮುಂದ ಮನಿ ಮನಿ ಹೊಕ್ಕು ಗ್ವಾಡಿ, ಬಾಗಲ, ಗಿಡ, ಬಾವಿ ಎಲ್ಲಾ ಪರಿಹಾರಕ್ಕಂತ ಅಳದು ಬರಕೊಂಡವರು ಇವರ. ಹಂಗ ಅಳಕೋತ ಅಳಕೋತ ಬೀಳಗಿ ಕಡೆ ಇದ್ದ ತಮ್ಮ ಸ್ವಂತ ಊರಿಗೂ ಹೋದ್ರು, ತಾವು ಹುಟ್ಟಿದ ಮನಿನೂ ಅಳದ್ರು. ಆ ಮನ್ಯಾಗ ಅವರ ಅಣ್ಣ ಇದ್ದ. ಅವತ್ತಿನಿಂದ ಅಣ್ಣ ಮಾತು ಬಿಟ್ಟ. ಊರು ಮುಳುಗಿತು, ಅಣ್ಣ ಹೊಸ ಊರಿಗೆ ಹೋದ, ಮಾತು ಮಾತ್ರ ವಾಪಸ್ ಬರಲಿಲ್ಲ. ಇದನ್ನ ಕಾಕಾ ನನಗ ಹೇಳಲಿಲ್ಲ. ಅವರ ಹೆಣತಿ, ನಮ್ಮ ಕಾಕು, ಒಂದಿನ ಚಹಾ ತಂದಾಗ ಹೇಳಿದ್ಲು: "ವರ್ಷಾ ದೀಪಾವಳಿಗೆ ಅಣ್ಣನ ಮನಿಗೆ ಅಂತ ಹೊಸಾ ಅಂಗಿ ಹಾಕ್ಕೊಂಡು ಹೊಂಡತಾರಪಾ. ಜಮಖಂಡಿ ಬಸ್ ಸ್ಟ್ಯಾಂಡಿನಾಗ ಚಹಾ ಕುಡದು ತಿರುಗಿ ಬರತಾರ. ಬೀಳಗಿ ಬಸ್ ಹತ್ತಾಕ ಕಾಲ ಏಳೂದಿಲ್ಲ ಅವರಿಗೆ." ಕಾಕಾ ಅಲ್ಲೇ ಕುಂತು ಎಲ್ಲಾ ಕೇಳಾಕತ್ತಿದ್ರು. ಚಹಾ ಕುಡದ್ರು.

ಆಟದ ಹುಚ್ಚು ಹತ್ತಿದ್ದು ಹಿಂಗ. ನಾ ಆಡೂದು ಎರಡು ಸಾವಿರ ವರ್ಷದ ಹಿಂದಿನ ರಾಜ್ಯಗಳ ಆಟ. ಎದುರಿಗೆ ದೊಡ್ಡ ನಕಾಶಿ ಇರತೈತಿ. ಒಂದು ರಾಜ್ಯ ನಿನ್ನ ಕೈಗೆ ಕೊಡತಾರ. ಕಾಳು ಕೂಡಸು, ರಸ್ತಾ ಮಾಡು, ದಂಡು ಕಟ್ಟು, ಬಾಜೂ ರಾಜನ ಮಗಳನ್ನ ತಗೊಂಡು ಬೀಗತನಾ ಮಾಡು, ಒಂದೊಂದು ಸೀಮಿಗೆ ಒಬ್ಬೊಬ್ಬ ಅಧಿಕಾರಿನ ಕೂಡಸು. ಕಾಲ ತಾನ ಓಡತಿರತೈತಿ, ನೀನೂ ಅದರ ಹಿಂದ ಓಡಬೇಕು. ಕಾಕಾ ಹಿಂದ ನಿಂತು ನೋಡಿ ಮೊದಲ ಪ್ರಶ್ನೆ ಹಾಕಿದ್ರು: "ಈ ನಕಾಶಿದ ಸ್ಕೇಲ್ ಎಲ್ಲೈತಿ?" ಎರಡನೇದು: "ಉತ್ತರ ದಿಕ್ಕಿನ ಬಾಣ ಯಾಕ ಹಾಕಿಲ್ಲ?" ಮೂರನೇದು: "ಇದನ್ನ ಯಾರು ಮಂಜೂರ ಮಾಡಿದ್ರು?"

ಮರುದಿನದಿಂದ ಮೂಲ್ಯಾಗಿನ ಕಂಪ್ಯೂಟರ್ ಅವರದಾತು.

ಮೊದಲ ಎಂಟು ದಿನ ಅವರು ಆಟಾನ ಆಡಲಿಲ್ಲ. ಆಟದ ಜೋಡಿ ಬಂದ ಇಂಗ್ಲಿಷ್ ಸೂಚನಾ ಓದಿದ್ರು. ಅದನ್ನ ಯಾರರ ಓದತಾರೇನ್ರಿ? ನಾ ಮೂರು ವರ್ಷ ಆಡಿದಾಂವ, ಅಂಥದ್ದೊಂದು ಐತಿ ಅಂತನ ಗೊತ್ತಿರಲಿಲ್ಲ. ಇವರು ಒಂದು ಉದ್ದನ್ನ ರಿಜಿಸ್ಟರ್ ತಂದು, ಕೆಂಪು ಶಾಯಿಲೆ ಗೆರಿ ಹೊಡದು, ಒಂದೊಂದು ನಿಯಮಕ್ಕ ಒಂದೊಂದು ಪಾನಾ ಬಿಟ್ಟು ಬರಕೊಂಡ್ರು. ಎಲ್ಲಾದಕ್ಕೂ ನಮ್ಮ ಹೆಸರು ಇಟ್ರು. ಸೀಮಿ ಅಂದ್ರ ತಾಲೂಕು. ಅದನ್ನ ಆಳಾಂವ ತಹಶೀಲ್ದಾರ. ರೋಮಿನ ದೊಡ್ಡ ಸಭಾ ಅಂದ್ರ ಜಿಲ್ಲಾ ಪಂಚಾಯ್ತಿ. "ಅಲ್ಲೂ ಹಿಂಗ ಬಡದಾಡತಾರೇನೋ?" ಅಂತ ಕೇಳಿದ್ರು. ಹೌದ್ರಿ ಅಂದೆ. "ಹಂಗಾರ ಸರಿ ಐತಿ" ಅಂತ ಬರಕೊಂಡ್ರು. ಒಂಬತ್ತನೇ ದಿನ ಕಂಪ್ಯೂಟರಿನ ಹಣಿಗೂ ಒಂದು ಚಿಟಿಕಿ ಭಂಡಾರ ಹಚ್ಚಿ ಶುರು ಮಾಡಿದ್ರು.

ಆಟದಾಗ ಕಾಲ ನಿಲ್ಲಿಸೋ ಗುಂಡಿ ಒಂದೈತಿ. ನಾವೆಲ್ಲಾ ನೀರು ಕುಡಿಯೋ ಮುಂದ ಅದನ್ನ ಒತ್ತತೀವಿ. ಕಾಕಾಗ ಮಾತ್ರ ಇಡೀ ಆಟದಾಗ ಅದರಷ್ಟು ಇಷ್ಟ ಆದದ್ದು ಮತ್ತೊಂದಿಲ್ಲ. ಒಂದು ಸಣ್ಣ ರಸ್ತಾ ಹಾಕಬೇಕು ಅಂದ್ರ ಮೂರು ದಿನ ಸಾಮ್ರಾಜ್ಯಾ ನಿಲ್ಲಿಸಿ ಇಡತಿದ್ರು. "ಏನ್ ಆತ್ರೀ ಕಾಕಾ?" ಅಂದ್ರ, "ಪರಿಶೀಲನಾದಾಗ ಐತಿ" ಅನ್ನಾವರು. ಲಕ್ಷಗಟ್ಟಲೆ ರೋಮಿನ ಮಂದಿ ಎತ್ತಿದ ಕಾಲು ಎತ್ತಿದಂಗ ಬಿಟ್ಟು ನಿಂತು, ಕಾಕಾನ ಸಹಿ ಕಾಯತಿದ್ರು.

ಯುದ್ಧ ಅಂತೂ ನೋಡಾಕ ಎರಡು ಕಣ್ಣು ಸಾಲದು. ಬಾಜೂ ರಾಜ್ಯದ ಮ್ಯಾಲ ಏರಿ ಹೋಗಬೇಕು, ದಂಡು ಗಡಿಯಾಗ ತಯಾರೈತಿ. ನಾ ಹಿಂದಿನಿಂದ "ಹೊಡೀರಿ ಕಾಕಾ, ಈಗ ಅವರ ದಂಡು ಊರಾಗಿಲ್ಲ" ಅಂತ ಒದರಾಕತ್ತೀನಿ. ಇವರು ಒಪ್ಪವಲ್ರು.

"ಮೂವತ್ತು ದಿನದ ನೋಟಿಸ್ ಕೊಡಬೇಕೋ ಇಲ್ಲೋ?"

"ಯುದ್ಧಕ್ಕ ಯಾವ ನೋಟಿಸ್ ರೀ!"

"ಅವರದು ಆಕ್ಷೇಪಣಾ ಇದ್ರ ಸಲ್ಲಿಸಾಕ ವ್ಯಾಳ್ಯಾ ಬ್ಯಾಡೇನು? ಹಂಗ ಏಕಾಏಕಿ ಒಬ್ಬರ ಮನಿ ಹೊಗೂದು ಛಲೋ ಅಲ್ಲಪಾ."

ಮೂವತ್ತು ದಿನ ಕಾಯಬೇಕಂತ ದಂಡನ್ನ ಗಡಿಯಾಗ ಬಿಸಲಾಗ ನಿಲ್ಲಿಸಿದ್ರು. ಹನ್ನೆರಡನೇ ದಿನಕ್ಕ ಆ ಕಡಿಯವರು ತಮ್ಮ ಆಕ್ಷೇಪಣಾ ಸಲ್ಲಿಸಿದ್ರು, ಇಪ್ಪತ್ತು ಸಾವಿರ ಮಂದಿ ಬಂದು ಕಾಕಾನ ದಂಡನ್ನ ಬಡದು ಹಾಕಿದ್ರು. ಕಾಕಾ ಶಾಂತ ರೀತಿಲೆ ರಿಜಿಸ್ಟರಿನಾಗ "ಅವಧಿಯೊಳಗ ಬಂದೈತಿ, ಸ್ವೀಕರಿಸಲಾಗಿದೆ" ಅಂತ ಬರದ್ರು.

ನಗಬ್ಯಾಡ್ರಿ, ಒಂದು ವಿಷಯದಾಗ ಅವರು ನನ್ನ ಮೂಗು ಕೊಯ್ದು ಕೈಗೆ ಕೊಟ್ರು. ನನ್ನ ರೋಮಿನಾಗ ಐವತ್ತು ವರ್ಷಕ್ಕೊಮ್ಮೆ ಸೇನಾಪತಿಗಳು ತಿರುಗಿ ಬೀಳತಿದ್ರು. ಒಬ್ಬಾಂವ ಒಂದ ಕಡೆ ಭಾಳ ದಿನಾ ಕುಂತ್ರ ದಂಡು ಅವನ ಮಾತು ಕೇಳತೈತಿ, ನನ್ನ ಮಾತು ಕೇಳಂಗಿಲ್ಲ. ಕಾಕಾನ ರೋಮಿನಾಗ ಒಂದು ಸಲಾನೂ ದಂಗೆ ಏಳಲಿಲ್ಲ. ಕಾರಣ ಏನು? ಪ್ರತಿ ಮೂರು ವರ್ಷಕ್ಕ ಎಲ್ಲಾರದೂ ವರ್ಗಾವಣಿ! ಆನಿ ಮ್ಯಾಲ ಕುಂತು ಮೂರು ರಾಜ್ಯ ಗೆದ್ದ ವೀರನ್ನ ಒಂದ ಕಲಮಿಲೆ ಎತ್ತಿ, ಮೀನಾ ಹಿಡಿಯೋ ನಡುಗಡ್ಡಿಗೆ ಒಗದು ಬಿಡಾವರು. "ಮೂರು ವರ್ಷಕ್ಕಿಂತ ಜಾಸ್ತಿ ಇದ್ರ ಬೇರು ಬಿಡತಾರೋ ತಮ್ಮಾ. ನಾ ಹದಿನೇಳು ಊರು ನೋಡೀನಿ, ಎಲ್ಲ್ಯಾರ ದಂಗೆ ಎದ್ದೀನೇನು?" ಅಂದ್ರು. ಅವತ್ತ ನಾನೂ ಸುಮ್ನ ಹೋಗಿ ನನ್ನ ಸೇನಾಪತಿಗಳ ವರ್ಗಾವಣಿ ಮಾಡಿದೆ.

ಆದ್ರ ಒಂದು ರೋಗ ಮಾತ್ರ ಬಿಡಲಿಲ್ಲ. ಕಾಕಾ ಹೊಸಾ ಊರು ಕಟ್ಟಿದ್ರ ಅದು ಬರೇ ಕಲ್ಲ ಗುಡ್ಡದ ಮ್ಯಾಲ. ನದಿ ದಂಡಿಗೆ ಒಂದು ಊರು ಕಟ್ಟಲಿಲ್ಲ. ಆಟದ ನಿಯಮಾ ಹೆಂಗೈತಿ ಅಂದ್ರ, ನದಿ ದಂಡಿಗೆ ಕಾಳು ಹುಲಸಾಗಿ ಬೆಳೀತೈತಿ, ಮಂದಿ ಹೆಚ್ಚತಾರ, ಹಡಗ ಬರತಾವ. ಗುಡ್ಡದ ಮ್ಯಾಲ ಹಸಿವು. ವರ್ಷ ಬಿಟ್ಟು ವರ್ಷ ಕಾಕಾನ ಮಂದಿ ಉಪಾಸ ಬೀಳತಿದ್ರು. ನಾ ತಲಿ ತಲಿ ಬಡಕೊಂಡೆ.

"ರೀ ಕಾಕಾ, ನೀರ ಹಂತ್ಯಾಕ ಕಟ್ರಿ."

"ನೀರು ಏರಿದ್ರ?"

"ಯಾಕ ಏರತೈತ್ರಿ? ಈ ಆಟದಾಗ ಡ್ಯಾಮ್ ಇಲ್ಲ."

"ನಮ್ಮೂರಾಗೂ ಇರಲಿಲ್ಲೋ ತಮ್ಮಾ."

ನನ್ನ ಕುರ್ಚಿಗೆ ಹೋಗಿ ಕುಂತೆ.

ನಮ್ಮೂರಾಗ ಕರೆಂಟ್ ಹೋದದ್ದು ಕಣ್ಣಿಗಿಂತ ಮೊದಲ ಕಿವಿಗೆ ಗೊತ್ತಾಕ್ಕೈತಿ. ಇಡೀ ಓಣ್ಯಾಗ ಮಗ್ಗದ ಖಟಖಟ ಒಮ್ಮೆಲೆ ನಿಲ್ಲತೈತಿ. ನನ್ನ ಹಳೇ ಬ್ಯಾಟರಿ ಮ್ಯಾಲ ಮುಂದ ಐದ ಮಿನಿಟು. ಅಷ್ಟರಾಗ ಆಟ ಕಾಯ್ದಿಡಬೇಕು, ಇಲ್ಲಾಂದ್ರ ಮುಂಜಾನಿಂದ ಆಳಿದ್ದು ಹೊಳ್ಯಾಗ ಹೋದಂಗ. ಕಾಕಾ ಆ ಐದು ಮಿನಿಟಿನಾಗೂ ಮೊದಲ ರಿಜಿಸ್ಟರಿಗೆ ಸಹಿ, ತಾರೀಕು ಹಾಕಿ, ಆಮ್ಯಾಲ ಆಟಕ್ಕ ಕೈ ಹಚ್ಚತಿದ್ರು. ಎರಡು ಸಲ ರೋಮ್ ಹಿಂಗ ಬರೇ ಸಹಿ ಹಾಕೂದರಾಗ ಮಾಯ ಆತು.

ಇನ್ನ ಮತ್ತೊಂದು ಗುಂಡಿ ವಿಷಯಕ್ಕ ಬರತೀನಿ. ಒಂದು ಊರಿನ ಮಂದಿನ ಎಬ್ಬಿಸಿ ಬ್ಯಾರೆ ಕಡೆ ಕೂಡಸೋ ಗುಂಡಿನೂ ಆಟದಾಗ ಐತಿ. ಹಸಿದ ಮಂದಿನ ನದಿ ಕಡೆ ಕಳಸ್ರಿ ಅಂತ ನಾ ಅದನ್ನ ತೋರಿಸಿದೆ. ಕಾಕಾ ರಿಜಿಸ್ಟರಿನಾಗ ಅದಕ್ಕೂ ಒಂದು ಪಾನಾ ಬಿಟ್ಟಿದ್ರು, ತಲಿಬರಹ ಹಾಕಿದ್ರು, ಕೆಳಗ ಒಂದು ಅಕ್ಷರ ಬರದಿರಲಿಲ್ಲ. ಬೆರಳು ಆ ಗುಂಡಿ ತನಕಾ ಹೋಗತಿತ್ತು, ವಾಪಸ್ ಬರತಿತ್ತು. ಮೂರು ವಾರಾ ಹಂಗ. ಕಡೀಗೆ ಒಂದಿನ ಶತ್ರು ದಂಡು ಒಂದು ಸಣ್ಣ ಊರಿನ ಹತ್ರಾನ ಬಂತು. ಎಬ್ಬಿಸದಿದ್ರ ಎಲ್ಲಾರೂ ಸಾಯತಾರ. ಕಾಕಾ ಕಣ್ಣ ಮುಚ್ಚಿ ಒತ್ತಿದ್ರು.

ಮಂದಿ ಉಳದ್ರು, ಹೊಸಾ ಜಾಗಾದಾಗ ಕುಂತ್ರು, ಸಿಟ್ಟೂ ಮಾಡಿದ್ರು. ಈ ಆಟದ ಒಂದು ಶಾಣ್ಯಾತನಾ ಏನಂದ್ರ, ಯಾವುದರ ಊರಿನ ಮ್ಯಾಲ ಮೌಸಿನ ಬಾಣ ಒಯ್ದು ನಿಲ್ಲಿಸಿದ್ರ ಅಲ್ಲಿ ಮಂದಿ ಯಾಕ ಸಿಟ್ಟಾಗ್ಯಾರ ಅಂತ ಕಾರಣ ಬರದು ತೋರಸತೈತಿ. ಕಾಕಾ ಬಾಣ ಇಟ್ರು. 'ಊರು ಬಿಡಿಸಿದ್ದಕ್ಕ: ಐವತ್ತೆರಡು' ಅಂತ ಕೆಂಪಗ ಬಂತು.

"ಎಷ್ಟಕ್ಕ ಐವತ್ತೆರಡು?" ಅಂದ್ರು. ಧ್ವನಿ ಸಣ್ಣ ಆಗಿತ್ತು.

"ನೂರಕ್ಕ ರೀ. ಆದ್ರ ಇದು ಇಳೀತೈತಿ. ವರ್ಷಕ್ಕ ನಾಕು."

"ಇಳೀತೈತಿ? ತಾನ?"

"ತಾನ."

ಅವತ್ತ ಮೊದಲ ಸಲ ಕಾಕಾ ಕಾಲವನ್ನ ಪೂರಾ ಜೋರಿಗೆ ಬಿಟ್ರು. ನಕಾಶಿ ಮ್ಯಾಲ ಏನೇನ ಆಗಲಿಲ್ಲ! ಪಡುವಣದಾಗ ಮೂರು ತಾಲೂಕು ಹೋದ್ವು, ಎರಡು ಕಡೆ ಬರ ಬಿತ್ತು, ವರ್ಗಾವಣಿ ಆಗದ ಸೇನಾಪತಿಗಳು ಮೀಸಿ ತಿರುವಾಕತ್ತಿದ್ರು. ನಾ ಒದರತೀನಿ, ಇವರು ಕಣ್ಣು ಎತ್ತವಲ್ರು. ಆ ಸಣ್ಣ ಊರಿನ ಮ್ಯಾಲ ಬಾಣ ಇಟ್ಟು ಕುಂತಾರ. ನಲವತ್ತೆಂಟು, ನಲವತ್ನಾಕು, ನಲವತ್ತು. ಹನ್ನೆರಡು, ಎಂಟು, ನಾಕು. ಆಮ್ಯಾಲ ಆ ಸಾಲ ಅಳಿಸಿ ಹೋತು. "ಕಾರಣಾನ ಹೋತಲ್ಲೋ!" ಅಂತ ಕಾಕಾ ಎದ್ದು ನಿಂತ್ರು. ಖಾಲಿ ಬಿಟ್ಟಿದ್ದ ಪಾನಾ ತಗದು ಲೆಕ್ಕಾ ಮಾಡಿದ್ರು. ಐವತ್ತೆರಡಕ್ಕ ವರ್ಷಕ್ಕ ನಾಕರಂಗ ಹದಿಮೂರು ವರ್ಷ. ಅಣ್ಣನ ಮನಿ ಅಳದು ಹದಿಮೂರೂವರಿ ವರ್ಷ ಆಗೇತಿ.

"ಅಣ್ಣನ ಸಿಟ್ಟು ಮುಗದು ಆರು ತಿಂಗಳಾತೋ" ಅಂದ್ರು. "ನಾ ಹುಚ್ಚನಂಗ ಇಲ್ಲೇ ಕುಂತೀನಿ!"

ನಾ ಆಗರ ತಿಳಿಸಿ ಹೇಳಬೇಕಿತ್ತು. ಇದನ್ನ ಬರದಾಂವ ಯಾವ ದೇಶದ ಹುಡುಗನೋ, ಅಂವಗ ನಿಮ್ಮ ಅಣ್ಣ ಎಲ್ಲಿ ಗೊತ್ತು ಅಂತ. ಆದ್ರ ಅವರ ಮಾರಿ ನೋಡಿ ಬಾಯಿ ಬರಲಿಲ್ಲ. ಮರುದಿನ ಮುಂಜಾನಿ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದು ನನ್ನ ಬೈಕಿನ ಹಿಂದ ಕುಂತ್ರು. ಜಮಖಂಡಿ ಬಸ್ ಸ್ಟ್ಯಾಂಡ್ ಬಂದ ಕೂಡಲೇ "ಚಹಾ ಕುಡೂಣೇನು?" ಅಂದ್ರು. ನಾ ಬೈಕ್ ನಿಲ್ಲಿಸಲಿಲ್ಲ.

ಬೀಳಗಿ ಕಡಿ ಆ ಹೊಸಾ ಊರು, ನೆಟ್ಟಗಿನ ಓಣಿ, ಬಾಗಲಕ್ಕೊಂದು ನಂಬರು. ಅಣ್ಣ ಹೊರಗ ಹೊರಸಿನ ಮ್ಯಾಲ ಕುಂತಿದ್ದ. ಕಾಕಾನಷ್ಟ ಎತ್ತರ, ಕಾಕಾನಷ್ಟ ಸಣಕಲ, ಹಣಿ ಮ್ಯಾಲ ಅದ ಭಂಡಾರ. ತಮ್ಮನ್ನ ನೋಡಿದ, ಮಾರಿ ಆ ಕಡೆ ಹೊಳ್ಳಿಸಿದ. ಅತ್ತಿಗಿ ಬಂದು ನೀರು ಕೊಟ್ಟು, ಸೆರಗಿಲೆ ಕಣ್ಣ ಒರಸಕೋತ ಒಳಗ ಹೋದ್ಲು. ಅರ್ಧ ತಾಸು ಕಾಕಾ ಅಣ್ಣನ್ನ ನೋಡಕೋತ ಕುಂತ್ರು. ಆಮ್ಯಾಲ ನನ್ನ ಕಿವ್ಯಾಗ, "ಕಾರಣ ತೋರಸವಲ್ದಲ್ಲೋ" ಅಂದ್ರು.

ಕಡೀಗೆ ಅಣ್ಣ ಬಾಯಿ ಬಿಟ್ಟ, ಆದ್ರ ನನ್ನ ಜೋಡಿ. "ತಮ್ಮಾ, ನಿನ್ನ ಜೋಡಿ ಬಂದವರಿಗೆ ಕೇಳು. ಈ ಮನಿನೂ ಅಳಿಯಾಕ ಬಂದಾರೇನು?"

ಕಾಕಾನೂ ನನಗ ಹೇಳಿದ್ರು. "ಇಲ್ಲ ಅಂತ ಹೇಳು. ಲೆಕ್ಕದ ಪ್ರಕಾರ ಅವರ ಸಿಟ್ಟು ಮುಗದು ಆರು ತಿಂಗಳಾತು, ಅದಕ್ಕ ಬಂದಾರ ಅಂತ ಹೇಳು."

ಹೇಳಿದೆ. ನನ್ನ ನಸೀಬ!

"ಯಾವ ಆಫೀಸಿನ ಲೆಕ್ಕಾ?" ಅಂದ ಅಣ್ಣ.

"ರೋಮ್ ರೀ."

"ಅದು ಯಾ ತಾಲೂಕಾ?"

ಅಣ್ಣನ ಧ್ವನಿ ಏರಿತು. "ಅವರಿಗೆ ಹೇಳು. ಮನಿ ಅಳದದ್ದಕ್ಕ ನನಗ ಸಿಟ್ಟಿಲ್ಲ. ಇವರಲ್ಲದಿದ್ರ ಮತ್ತೊಬ್ಬ ಅಳೀತಿದ್ದ. ನೀರಿಗೂ ಸಿಟ್ಟಿಲ್ಲ. ಊರ ಮಂದಿದೆಲ್ಲಾ ಬರದ್ರು. ಬಾಗಲ ಬರದ್ರು, ಬೇವಿನ ಗಿಡಾ ಬರದ್ರು, ದನದ ಗ್ವಾದಲಿ ಬರದ್ರು. ನಮ್ಮ ಮನಿ ಮುಂದಿನ ಕಟ್ಟಿ ಯಾಕ ಬರೀಲಿಲ್ಲ? ನಮ್ಮಪ್ಪ ಸಾಯೂತನಕಾ ಕುಂತ ಕಟ್ಟಿ ಅದು. ಕಾಗದ ಓದಿಸಿ ಕೇಳೀನಿ ನಾನು. ಕಟ್ಟಿ ಇಲ್ಲ. ಸರಕಾರದ ಪ್ರಕಾರ ನಮ್ಮಪ್ಪ ಎಲ್ಲಿ ಕುಂತಿದ್ದ? ಗಾಳ್ಯಾಗ?"

ಕಾಕಾನ ಮಾರಿ ಬೆಳ್ಳಗಾತು. ಹದಿಮೂರು ವರ್ಷ ಅವರು ಸಿಟ್ಟಿನ ಕಾರಣ ಬ್ಯಾರೇನ ತಿಳಕೊಂಡಿದ್ರು. ನೆಲ ನೋಡಕೋತ ನನಗ ಹೇಳಿದ್ರು: "ಕಟ್ಟಿ ಸರಕಾರಿ ದಾರ್ಯಾಗ ಬಂದಿತ್ತು ಅಂತ ಹೇಳು. ನಿಯಮದ ಪ್ರಕಾರ ಬರೀಬಾರದಿತ್ತು. ಮಂದಿದಾಗಿದ್ರ ಬರೀತಿದ್ದೆನೇನೋ, ನಮ್ಮದಂತ ಬರೀಲಿಲ್ಲ. ಮಂದಿ ಏನಂದಾರು ಅಂತ ಅಂಜಿದೆ. ಅದು ನಂದ ತಪ್ಪು ಅಂತ ಹೇಳು." ಆಮ್ಯಾಲ ತಲಿ ಎತ್ತಿದ್ರು. "ಆದ್ರ ಅಳದೀನಿ ಅಂತ ಹೇಳು. ಎಲ್ಲಾರೂ ಹೋದಮ್ಯಾಲ ಒಬ್ಬನ ನಿಂತು ಅಳದೀನಿ. ಉದ್ದ ಏಳು ಫೂಟು. ಅಗಲ ಎರಡೂ ಮುಕ್ಕಾಲು. ಎತ್ತರ ಒಂದೂವರಿ. ಬಲಕ್ಕ ಅಪ್ಪ ಅಡಕಿ ಕುಟ್ಟೋ ತೆಗ್ಗು, ನಾಕು ಬೆರಳು."

ನಾ ಹೇಳಬೇಕಾಗಲಿಲ್ಲ. ಅಣ್ಣ ಹೊರಸಿನಿಂದ ಎದ್ದಿದ್ದ.

"ಏಳೂವರಿಲೇ!"

"ಏಳು ಅಣ್ಣಾ."

"ಏನ್ ಅಳದಿಯೋ ನೀ, ಮಣ್ಣು! ಅದರ ಮ್ಯಾಲ ನಾ ಕಾಲ ಚಾಚಿ ಮಲಗತಿದ್ದೆ, ಅಪ್ಪನ ತಂಬಗಿ ನನ್ನ ತಲಿ ಕಡೆ ಇರತಿತ್ತು. ಏಳರಾಗ ತಂಬಗಿ ಎಲ್ಲಿ ಹಿಡೀತೈತಿ?"

"ಹಿಡೀತೈತಿ. ನೀ ಕಾಲ ಮಡಚಿ ಮಲಗತಿದ್ದಿ."

"ನಾ ಮಡಚತಿದ್ನಿ?" ಅಂದಕೋತ ಎಪ್ಪತ್ತರ ಅಣ್ಣ ಅಂಗಳದ ಮಣ್ಣಾಗ ಅಂಗಾತ ಮಲಗೇ ಬಿಟ್ಟ. "ಅಳೀ ಈಗ. ತಂಬಗಿ ಇಲ್ಲಿತ್ತು, ಈ ಕಡೆ. ಅಳೀ ಅಂತೀನಿ!" ಕಾಕಾ ಇಸ್ತ್ರಿ ಅಂಗಿ ಸುದ್ದಾ ಮೊಣಕಾಲೂರಿ ಕುಂತು, ಅಣ್ಣನ ಹಿಮ್ಮಡದಿಂದ ಗೇಣು ಹಾಕಕೋತ ಹೊಂಟ್ರು. ತಲಿ ತನಕ ಬಂದಾಗ ಲೆಕ್ಕಾ ತಪ್ಪಿತು. ಮತ್ತ ಹಿಮ್ಮಡದಿಂದ ಶುರು ಮಾಡಿದ್ರು. ನನಗ ಅಳು ಬಂತು, ಸುಳ್ಳ ಯಾಕ ಹೇಳಲಿ. ಕಣ್ಣಾಗ ಧೂಳ ಬಿತ್ತು ಅಂದಕೋತ ಬೈಕಿನ ಕಡೆ ಹೋದೆ.

ಮೂರು ಸಲ ಅಳದ್ರು. ಒಮ್ಮೆ ಏಳು ಬಂತು, ಒಮ್ಮೆ ಏಳೂಕಾಲು, ಒಮ್ಮೆ ಎಷ್ಟೋ. ಅಣ್ಣ ಒಪ್ಪಲಿಲ್ಲ. ಕಾಕಾ ಬರೀಲಿಲ್ಲ. ಬಾಗಲದಾಗ ನಿಂತು ನೋಡಿ ನೋಡಿ ಅತ್ತಿಗಿಗೆ ಬ್ಯಾಸರಾತು.

"ಸಾಕ ಏಳ್ರಿ ಇಬ್ಬರೂ" ಅಂದ್ಲು. "ರೊಟ್ಟಿ ಆರಿ ಹೊಂಟಾವು."